ಎಂಜಿನ್ ಇರುವ ಹಳೇ ಬೇಲರ್: ಮಲೆನಾಡಿನ ನಾಲ್ಕೆಕರೆಗೆ ಕೊಳ್ಳಬಹುದೇ?

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕು. ನಾಲ್ಕು ಎಕರೆ ಗದ್ದೆ. ಮಕ್ಕಿಯ (ಎತ್ತರದ ಗದ್ದೆ) ಎರಡು ಎಕರೆಗೆ ಕಟಾವು ಮಿಷನ್ ಬರುತ್ತದೆ. ಬೈಲಿನ (ತಗ್ಗಿನ ಗದ್ದೆ) ಎರಡು ಎಕರೆಯಲ್ಲಿ ಮಿಷನ್ ಹೂತುಹೋಗುವುದರಿಂದ ಕೈಯಲ್ಲೇ ಕೊಯ್ದು ಕಣಕ್ಕೆ ತಂದು ಬಡಿಯುತ್ತೇವೆ. ಸ್ವಲ್ಪ ಬ್ಯಾಣ (ಹುಲ್ಲುಗಾವಲು) ಇದೆ, ಕರಡ (ಕಾಡುಹುಲ್ಲು) ಸಿಗುತ್ತದೆ. ಕೊಟ್ಟಿಗೆಯಲ್ಲಿ ಐದು ಜಾನುವಾರು. ಗೊಣಬೆ (ಬಣವೆ) ಹಾಕುವವರು ಈಗ ಸಿಗುವುದಿಲ್ಲ. ಬಾಡಿಗೆ ಬೇಲರಿನವರು (ಹುಲ್ಲು ಒತ್ತಿ ಪೆಂಡಿ ಕಟ್ಟುವ ಯಂತ್ರದವರು) ಪೆಂಡಿಗೆ 45 ರೂಪಾಯಿ ಕೇಳುತ್ತಾರೆ, ಹೇಳಿದ ದಿನ ಬರುವುದೂ ಇಲ್ಲ. ಹೋದ ವರ್ಷ ಅವರಿಗೆ ಕಾದು ಕೂತು, ಮಳೆ ಹೊಡೆದು ಹುಲ್ಲು ಕಪ್ಪಾಯಿತು. ಶಿಕಾರಿಪುರದ ಕಡೆ ಒಬ್ಬರ ಬಳಿ ಹೊರದೇಶದ ಹಳೇ ಬೇಲರ್ ಇದೆ. ಎರಡು ಹುರಿ ಹಾಕಿ ಚೌಕ ಪೆಂಡಿ ಕಟ್ಟುತ್ತದೆ. ಮೊದಲಿದ್ದ ಪೆಟ್ರೋಲ್ ಎಂಜಿನ್ ತೆಗೆದು ಎರಡು ಸಿಲಿಂಡರಿನ 14 ಎಚ್‌ಪಿ ಡೀಸೆಲ್ ಎಂಜಿನ್ ಕೂರಿಸಿದ್ದಾರೆ. 1.60 ಲಕ್ಷ ಹೇಳುತ್ತಿದ್ದಾರೆ. ನನ್ನದು 28 ಎಚ್‌ಪಿ ಮಿನಿ ಟ್ರ್ಯಾಕ್ಟರ್. ಬೇಲರಿಗೇ ಎಂಜಿನ್ ಇರುವುದರಿಂದ ಯಾವ ಟ್ರ್ಯಾಕ್ಟರ್ ಆದರೂ ಸಾಕು ಎಂದು ಒಬ್ಬರು, ಹುಲ್ಲಿನ ಪಕ್ಕ ಎಂಜಿನ್ ಇಟ್ಟರೆ ಬೆಂಕಿ ಗ್ಯಾರಂಟಿ ಎಂದು ಇನ್ನೊಬ್ಬರು, ಮಲೆನಾಡಿನಲ್ಲಿ ಪೆಂಡಿ ಕಟ್ಟಿದ ಹುಲ್ಲು ಬೂಸ್ಟು ಹಿಡಿಯುತ್ತದೆ ಎಂದು ಮತ್ತೊಬ್ಬರು ಹೇಳುತ್ತಾರೆ. ಕೊಳ್ಳಲೋ ಬೇಡವೋ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಚಿಂತೆ ಸೇರಿಕೊಂಡಿವೆ: ಹಣ ಹುಟ್ಟುತ್ತದೆಯೇ, ನಿಮ್ಮ ಟ್ರ್ಯಾಕ್ಟರಿಗೂ ನಿಮ್ಮ ನೆಲಕ್ಕೂ ಆ ಯಂತ್ರ ಹೊಂದುತ್ತದೆಯೇ, ಕಟ್ಟಿದ ಹುಲ್ಲು ಮಳೆಗಾಲ ದಾಟುತ್ತದೆಯೇ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಎಂಜಿನ್ ನೋಡಿ ಬೇಲರ್ ಕೊಳ್ಳಬೇಡಿ, ಗಂಟು ನೋಡಿ ಕೊಳ್ಳಿ. ಎಂಜಿನ್ ಕೆಟ್ಟರೆ ನಿಮ್ಮ ಹೋಬಳಿಯಲ್ಲೇ ರಿಪೇರಿಯವರು ಸಿಗುತ್ತಾರೆ. ಗಂಟು ಹಾಕುವ ನಾಟರ್ ಸವೆದಿದ್ದರೆ ಅದನ್ನು ಸರಿ ಮಾಡುವವರು ಜಿಲ್ಲೆಯಲ್ಲಿ ಹುಡುಕಿದರೂ ಸಿಗುವುದು ಕಷ್ಟ.

ಬೇಲರಿಗೆ ಬೇರೆ ಎಂಜಿನ್ ಯಾಕೆ ಬಂತು

ಗದ್ದೆಯಲ್ಲಿ ಸಾಲಾಗಿ ಬಿದ್ದ ಹುಲ್ಲನ್ನು ತಾನೇ ಎತ್ತಿ, ತಾನೇ ಗಂಟು ಹಾಕುವ ಬೇಲರ್ ಅಮೆರಿಕದಲ್ಲಿ 1940ರ ಹೊತ್ತಿಗೆ ಮಾರಾಟಕ್ಕೆ ಬಂತು. ಆಗಿನ ಹೆಚ್ಚಿನ ಟ್ರ್ಯಾಕ್ಟರುಗಳಲ್ಲಿ ಕ್ಲಚ್ ಒತ್ತಿದರೆ ಚಕ್ರದ ಜೊತೆಗೆ ಪಿಟಿಒ (ಹಿಂದಿನ ಯಂತ್ರಕ್ಕೆ ಶಕ್ತಿ ಕೊಡುವ ಶಾಫ್ಟು) ಕೂಡ ನಿಂತುಬಿಡುತ್ತಿತ್ತು. ಬೇಲರಿಗೆ ಅದು ಆಗದ ಮಾತು. ಸಾಲು ದಪ್ಪ ಬಂದಾಗ ಟ್ರ್ಯಾಕ್ಟರ್ ನಿಲ್ಲಬೇಕು, ಆದರೆ ಒಳಗೆ ಹುಲ್ಲನ್ನು ಒತ್ತುವ ಪ್ಲಂಜರ್ ಹೊಡೆಯುತ್ತಲೇ ಇದ್ದು ನುಂಗಿದ ಹುಲ್ಲನ್ನು ಮುಗಿಸಬೇಕು. ಅದಕ್ಕಾಗಿ ಬೇಲರಿನ ಮೇಲೆ ಪ್ರತ್ಯೇಕ ಎಂಜಿನ್ ಕೂರಿಸಿದರು. ನ್ಯೂ ಹಾಲೆಂಡ್ ಬೇಲರುಗಳ ಮೇಲೆ ವಿಸ್ಕಾನ್ಸಿನ್ ಕಂಪನಿಯ ನಾಲ್ಕು ಸಿಲಿಂಡರಿನ, ಗಾಳಿಯಿಂದ ತಣಿಯುವ ಪೆಟ್ರೋಲ್ ಎಂಜಿನ್ ಇರುತ್ತಿದ್ದುದು ಹೀಗೆ. ಕ್ಲಚ್ ಒತ್ತಿ ಚಕ್ರ ನಿಲ್ಲಿಸಿದರೂ ಪಿಟಿಒ ತಿರುಗುತ್ತಲೇ ಇರಬಲ್ಲ ಟ್ರ್ಯಾಕ್ಟರುಗಳು ಸಾಮಾನ್ಯವಾದ ಮೇಲೆ ಎಂಜಿನ್ ಬೇಲರುಗಳು ಹಿಂದೆ ಸರಿದವು.

ಈ ಹಳೇ ಕಾರಣ ನಿಮಗೆ ಇವತ್ತಿಗೂ ಅನ್ವಯಿಸುತ್ತದೆ. ಮಿನಿ ಟ್ರ್ಯಾಕ್ಟರುಗಳಲ್ಲಿ ಎಷ್ಟೋ ಒಂದೇ ಕ್ಲಚ್ಚಿನವು. ನಿಮ್ಮದೂ ಹಾಗಿದ್ದರೆ ಪಿಟಿಒ ಮೇಲೆ ಓಡುವ ಚೌಕ ಬೇಲರ್ ಸಣ್ಣ ಗದ್ದೆಗಳಲ್ಲಿ ಹೆಜ್ಜೆಹೆಜ್ಜೆಗೂ ಹುಲ್ಲು ಕಟ್ಟಿಕೊಂಡು ನಿಲ್ಲುತ್ತದೆ. ಆ ಮಟ್ಟಿಗೆ ಎಂಜಿನ್ ಇರುವ ಬೇಲರ್ ನಿಮಗೆ ನಿಜಕ್ಕೂ ಅನುಕೂಲ.

"ಯಾವ ಟ್ರ್ಯಾಕ್ಟರ್ ಆದರೂ ಸಾಕು" ಎನ್ನುವ ಮಾತು ಮಾತ್ರ ಅರ್ಧ ಸತ್ಯ. ಶಕ್ತಿಯ ಲೆಕ್ಕದಲ್ಲಿ ಸರಿ, ತೂಕದ ಲೆಕ್ಕದಲ್ಲಿ ತಪ್ಪು. ಎಂಜಿನ್ ಸಮೇತ ಹಳೇ ಚೌಕ ಬೇಲರ್ ಒಂದರಿಂದ ಒಂದೂವರೆ ಟನ್ ತೂಗುತ್ತದೆ. ನಿಮ್ಮ ಟ್ರ್ಯಾಕ್ಟರ್ ಅದಕ್ಕಿಂತ ಹಗುರ ಇರಬಹುದು. ಏರಿನಲ್ಲಿ ಎಳೆದೀತು. ಇಳಿಜಾರಿನಲ್ಲಿ ಬ್ರೇಕ್ ಇಲ್ಲದ ಬೇಲರ್ ಹಿಂದಿನಿಂದ ತಳ್ಳುತ್ತದೆ, ತಿರುವು ಬಂದರೆ ಟ್ರ್ಯಾಕ್ಟರಿನ ಹಿಂಬದಿಯನ್ನೇ ಪಕ್ಕಕ್ಕೆ ದೂಡುತ್ತದೆ. ಮಕ್ಕಿಯಿಂದ ಮನೆಗೆ ಇಳಿಯುವ ಮಣ್ಣುದಾರಿಯಲ್ಲಿ, ಅದೂ ಇಬ್ಬನಿ ಬಿದ್ದ ಬೆಳಿಗ್ಗೆ, ಇದು ಜೀವಕ್ಕೆ ಅಪಾಯ. ಮಾರುವವರಿಂದ ತೂಕ ಕೇಳಿ ತಿಳಿಯಿರಿ, ಇಲ್ಲವೇ ವೇಬ್ರಿಜ್ ಮೇಲೆ ಹಾಕಿಸಿ. ಬೇಲರ್ ನಿಮ್ಮ ಟ್ರ್ಯಾಕ್ಟರಿಗಿಂತ ಭಾರವಿದ್ದರೆ ಇಳಿಜಾರಿನ ಮೇಲೆ ಎಳೆದಾಡುವ ಯೋಚನೆ ಬಿಟ್ಟುಬಿಡಿ.

ಅಗಲವನ್ನೂ ಅಳೆಯಿರಿ. ಹುಲ್ಲು ಎತ್ತುವ ಭಾಗವಾದ ಪಿಕಪ್ ಒಂದು ಪಕ್ಕಕ್ಕೆ ಚಾಚಿಕೊಂಡಿರುವುದರಿಂದ ಇಂಥ ಬೇಲರಿಗೆ ಸುಮಾರು ಎರಡೂವರೆ ಮೀಟರ್ ದಾರಿ ಬೇಕು. ಬೇಲಿಯ ದಣಪೆ ತೆಗೆದು ಎತ್ತಿನಗಾಡಿ ನುಗ್ಗಿಸುವ ಜಾಗದಲ್ಲಿ ಇದು ನುಗ್ಗುವುದಿಲ್ಲ. ಎಂಜಿನ್ ಮೇಲೆ ಇರುವುದರಿಂದ ಯಂತ್ರದ ಭಾರವೂ ಎತ್ತರದಲ್ಲಿದೆ. ಒಂದು ಚಕ್ರ ಅಂಚಿನ ಮೇಲೆ ಹತ್ತಿದರೆ ಮಗುಚುವ ಸಂಭವ ಪಿಟಿಒ ಬೇಲರಿಗಿಂತ ಹೆಚ್ಚು.

ಎಂಜಿನ್ ಬದಲಿಸಿದ ಬೇಲರಿನಲ್ಲಿ ಏನು ನೋಡಬೇಕು

ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಕೂರಿಸಿದ್ದು ಸ್ವತಃ ತಪ್ಪಲ್ಲ. ಹಳೇ ಪೆಟ್ರೋಲ್ ಎಂಜಿನ್ನಿನ ಮ್ಯಾಗ್ನೆಟೊ, ಕಾರ್ಬುರೇಟರ್ ಬಿಡಿಭಾಗ ಹುಡುಕುವ ಕಷ್ಟವಾದರೂ ನಿಮಗೆ ತಪ್ಪಿತು. ಆದರೆ ಕೂರಿಸಿದವರು ಮೂರು ವಿಷಯ ಸರಿ ಮಾಡಿದ್ದಾರೆಯೇ ನೋಡಬೇಕು.

ಒಂದು, ತಿರುಗುವ ದಿಕ್ಕು. ಬೇಲರಿನ ಫ್ಲೈವೀಲ್ (ಕಸುವು ಹಿಡಿದಿಡುವ ಭಾರದ ಚಕ್ರ) ಒಂದೇ ದಿಕ್ಕಿಗೆ ತಿರುಗಬೇಕು. ಅದರ ಮೇಲೋ ಪಕ್ಕದ ಕವಚದ ಮೇಲೋ ಬಾಣದ ಗುರುತು ಇರುತ್ತದೆ, ಬಣ್ಣ ಕೆರೆದು ನೋಡಿ. ಉಲ್ಟಾ ತಿರುಗಿದ ದಿನ ಹುರಿ ತರುವ ಸೂಜಿ, ನಾಟರ್ ಎರಡೂ ಮುರಿಯುತ್ತವೆ.

ಎರಡು, ವೇಗ. ಆ ಕಾಲದ ಚೌಕ ಬೇಲರಿನ ಪ್ಲಂಜರ್ ಹೆಚ್ಚಾಗಿ ನಿಮಿಷಕ್ಕೆ 60ರಿಂದ 80 ಪೆಟ್ಟು ಹೊಡೆಯುವಂತೆ ಮಾಡಿದ್ದು. ಪೂರ್ತಿ ಥ್ರಾಟಲಿನಲ್ಲಿ, ಹುಲ್ಲು ಹಾಕದೆ, ಗಡಿಯಾರ ಹಿಡಿದು ಅರ್ಧ ನಿಮಿಷ ಎಣಿಸಿ. 30ರಿಂದ 40 ಬರಬೇಕು. 22–25 ಬಂದರೆ ಪುಲ್ಲಿಯ ಲೆಕ್ಕ ತಪ್ಪಿದೆ. ಫ್ಲೈವೀಲಿಗೆ ಕಸುವು ಸಾಲದೆ ದಪ್ಪ ಹುಲ್ಲಿಗೆ ನಿಂತುಹೋಗುತ್ತದೆ. 50 ಬಂದರೆ ನಾಟರಿನ ಗೇರು, ಕ್ಯಾಮುಗಳು ಬಡಿಸಿಕೊಂಡು ಬೇಗ ಹಾಳಾಗುತ್ತವೆ. ಪುಲ್ಲಿ ಬದಲಿಸುವುದು ಲೇತಿನ ಕೆಲಸ, ದೊಡ್ಡ ಖರ್ಚಲ್ಲ. ಆದರೆ ಹಾಗೆ ತಪ್ಪು ವೇಗದಲ್ಲಿ ಎಷ್ಟು ವರ್ಷ ಓಡಿಸಿದ್ದಾರೆ ಎಂಬುದನ್ನು ಬೆಲೆಯಲ್ಲಿ ಸೇರಿಸಿಕೊಳ್ಳಿ.

ಮೂರು, ಅಲುಗಾಟ. ನಾಲ್ಕು ಸಿಲಿಂಡರಿನ ಎಂಜಿನ್ನಿಗೆ ಮಾಡಿದ ಚೌಕಟ್ಟಿನ ಮೇಲೆ ಎರಡು ಸಿಲಿಂಡರಿನ ಡೀಸೆಲ್ ಕೂತರೆ ನಡುಕ ಹೆಚ್ಚು. ಎಂಜಿನ್ ಕಾಲಿನ ಸುತ್ತ, ಚೌಕಟ್ಟಿನ ಮೂಲೆಗಳಲ್ಲಿ ಮಣ್ಣು ಒರೆಸಿ ಟಾರ್ಚ್ ಹಿಡಿದು ಬಿರುಕು ಹುಡುಕಿ. ಪೇಂಟಿನ ಕೆಳಗೆ ತುಕ್ಕಿನ ಗೆರೆ ಕಂಡರೆ ಅದು ಬಿರುಕು.

14 ಎಚ್‌ಪಿ ಸಾಲುತ್ತದೆಯೇ? ಗದ್ದೆಯಲ್ಲಿ ಮಿಷನ್ ಬಿಟ್ಟ ದಪ್ಪ ಸಾಲು ಎತ್ತಲು ಕಡಿಮೆ. ಕಣದಲ್ಲಿ ನಿಲ್ಲಿಸಿ ಹದವಾಗಿ ಹುಲ್ಲು ಕೊಡುತ್ತಾ ಹೋದರೆ ಸಾಕು.

ನಾಟರ್

ಪೆಂಡಿ ಕಟ್ಟುವ ಕೋಣೆಯ ಮೇಲೆ ಅಕ್ಕಪಕ್ಕ ಎರಡು ನಾಟರ್ ಇರುತ್ತವೆ. ಪ್ರತಿಯೊಂದರಲ್ಲೂ ಹಕ್ಕಿಯ ಕೊಕ್ಕಿನಂಥ ಪುಟ್ಟ ಉಕ್ಕಿನ ಭಾಗವಿದೆ, ಬಿಲ್‌ಹುಕ್ ಎನ್ನುತ್ತಾರೆ. ಪೆಂಡಿ ಬೇಕಾದಷ್ಟು ಉದ್ದ ಆದಾಗ ಹಲ್ಲಿನ ಚಕ್ರ ನಾಟರನ್ನು ತಡೆದು ಹಿಡಿದ ಕೊಂಡಿಯನ್ನು ಬಿಡಿಸುತ್ತದೆ. ಕೆಳಗಿನಿಂದ ದಬ್ಬಣದಂಥ ಎರಡು ಬಾಗಿದ ಸೂಜಿಗಳು ಹುರಿ ಹೊತ್ತು ಮೇಲೆ ಬರುತ್ತವೆ. ಹುರಿಯ ಒಂದು ತುದಿಯನ್ನು ಹಲ್ಲುಬಿಲ್ಲೆ ಮೊದಲೇ ಹಿಡಿದಿರುತ್ತದೆ, ಸೂಜಿ ಇನ್ನೊಂದನ್ನು ತಂದು ಅದೇ ಬಿಲ್ಲೆಯ ಹಳ್ಳದಲ್ಲಿಡುತ್ತದೆ. ಕೊಕ್ಕು ಒಂದು ಸುತ್ತು ತಿರುಗಿ ಎರಡೂ ಎಳೆಯನ್ನು ತನ್ನ ಮೈಗೆ ಸುತ್ತಿಕೊಂಡು, ಬಾಯಿ ತೆರೆದು ತುದಿಗಳನ್ನು ಕಚ್ಚುತ್ತದೆ. ಚಾಕು ಹುರಿಯನ್ನು ಕತ್ತರಿಸುತ್ತದೆ. ಒರೆಸುವ ತೋಳು ಕೊಕ್ಕಿನ ಮೇಲಿನ ಸುತ್ತನ್ನು ಜಾರಿಸಿ ಕೆಳಕ್ಕೆ ಬೀಳಿಸುತ್ತದೆ. ಗಂಟು ಬಿತ್ತು. ಇಷ್ಟೂ ಕೆಲಸ ಒಂದು ಸೆಕೆಂಡಿನ ಆಸುಪಾಸಿನಲ್ಲಿ ಮುಗಿಯುತ್ತದೆ. ಒಂದು ಮಿಲಿಮೀಟರ್ ಸವೆತ ಕೂಡ ಇಲ್ಲಿ ಲೆಕ್ಕಕ್ಕೆ ಬರುವುದು ಅದಕ್ಕೇ.

ಮೊದಲು ಎಂಜಿನ್ ನಿಲ್ಲಿಸಿ, ಮತ್ತೆ ಯಾರೂ ಚಾಲು ಮಾಡದಂತೆ ಡೀಸೆಲ್ ಕಾಕ್ ಮುಚ್ಚಿಸಿ. ಕೊಂಡಿಯನ್ನು ಕೈಯಿಂದ ಬಿಡಿಸಿ, ಫ್ಲೈವೀಲನ್ನು ಬಾಣದ ದಿಕ್ಕಿಗೆ ಇನ್ನೊಬ್ಬರು ಕೈಯಿಂದಲೇ ನಿಧಾನ ತಿರುಗಿಸಲಿ. ತಿರುಗಿಸುವವರು ನಿಲ್ಲಿಸುವವರೆಗೆ ನಿಮ್ಮ ಕೈ ನಾಟರಿನ ಹತ್ತಿರ ಹೋಗಬಾರದು. ಫ್ಲೈವೀಲಿನ ಭಾರಕ್ಕೆ ಸೂಜಿ ಬೆರಳನ್ನು ತೂರಿಕೊಂಡು ಹೋಗುತ್ತದೆ. ಸೂಜಿ ಮೇಲೆ ಬರುವಾಗ ಪ್ಲಂಜರಿನ ಸೀಳಿನ ನಡುವೆ ಏನನ್ನೂ ತಾಗದೆ ಹಾದುಹೋಗಬೇಕು. ಒಂದು ಬದಿ ಉಜ್ಜಿ ಹೊಳೆಯುತ್ತಿದ್ದರೆ ಸೂಜಿ ಬಾಗಿದೆ. ವೆಲ್ಡಿಂಗ್ ಮಾಡಿದ ಗುರುತಿದ್ದರೆ ಒಮ್ಮೆ ಮುರಿದಿದೆ. ಬೀಡುಕಬ್ಬಿಣದ ಸೂಜಿಯನ್ನು ವೆಲ್ಡ್ ಮಾಡಿ ಮೊದಲಿನ ಬಾಗಿಗೇ ತರುವುದು ಬಹಳ ಕಷ್ಟ.

ಆಮೇಲೆ ಕೊಕ್ಕನ್ನು ಬೆರಳಿನಿಂದ ಮುಟ್ಟಿ ನೋಡಿ. ಹೊಳಪಾಗಿ ನುಣ್ಣಗಿದ್ದರೆ ಒಳ್ಳೆಯದು. ಹುರಿ ಉಜ್ಜಿ ಗೆರೆ ಬಿದ್ದಿದ್ದರೆ ಗಂಟು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಗೆರೆ ಸಣ್ಣದಾದರೆ ಎಮರಿ ಪೇಪರಿನಲ್ಲಿ ತಿಕ್ಕಿ ಸರಿ ಮಾಡಬಹುದು. ಆಳವಾಗಿದ್ದರೆ ಹೊಸದೇ ಬೇಕು. ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನಲ್ಲೋ ಭದ್ರಾವತಿಯಲ್ಲೋ ಪುಲ್ಲಿ, ಶಾಫ್ಟು, ಬುಷ್ ಮಾಡಿಸಬಹುದು. ಆದರೆ ಬಿಲ್‌ಹುಕ್ ಲೇತಿನಲ್ಲಿ ತಿರುವುವ ವಸ್ತುವಲ್ಲ. ಕಂಪನಿಯ ಹೆಸರು, ಮಾದರಿ ಸಂಖ್ಯೆ, ನಾಟರಿನ ಎರಕದ ಮೇಲಿರುವ ಉಬ್ಬು ಅಂಕಿ ಮೂರನ್ನೂ ಫೋಟೊ ತೆಗೆದುಕೊಳ್ಳಿ. ಆ ಅಂಕಿಗೆ ಬಿಡಿಭಾಗ ಸಿಗುತ್ತದೆಯೇ, ತರಿಸಲು ಎಷ್ಟು ಬೀಳುತ್ತದೆ ಎಂದು ತಿಳಿಯದೆ ಮುಂಗಡ ಕೊಡಬೇಡಿ. ಮಾದರಿಯ ತಗಡೇ ಇಲ್ಲದ, ಅಂಕಿಯೂ ಓದಲಾಗದ ಯಂತ್ರವಾದರೆ ಬೆಲೆ ಎಷ್ಟೇ ಇಳಿದರೂ ಬೇಡ.

ಗಂಟು ತಪ್ಪುವ ರೀತಿಯೇ ಕಾಯಿಲೆ ಹೇಳುತ್ತದೆ. ಗಂಟು ಬಿದ್ದೂ ಕೊಕ್ಕಿನಲ್ಲೇ ಸಿಕ್ಕಿ ಹರಿದರೆ ಕೊಕ್ಕಿನ ಸ್ಪ್ರಿಂಗ್ ಅತಿ ಬಿಗಿ, ಅಥವಾ ಒರೆಸುವ ತೋಳು ಕೊಕ್ಕಿನ ಬೆನ್ನಿಗೆ ತಾಗುತ್ತಿಲ್ಲ. ಒಂದು ತುದಿಗೆ ಮಾತ್ರ ಗಂಟು ಬಿದ್ದು ಇನ್ನೊಂದು ಬರಿದಾಗಿ ಬಂದರೆ ಬಿಲ್ಲೆಯ ಹಿಡಿತ ಸಡಿಲ, ಇಲ್ಲವೇ ಸೂಜಿ ಹುರಿಯನ್ನು ಹಳ್ಳದಲ್ಲಿ ಇಡುತ್ತಿಲ್ಲ. ತುದಿ ಕುಂಚದ ಹಾಗೆ ಬಿಚ್ಚಿಕೊಂಡಿದ್ದರೆ ಚಾಕು ಮೊಂಡು. ಇವೆಲ್ಲ ಹೊಂದಿಸಿ ಸರಿಪಡಿಸುವಂಥವು. ಐದು ಪೆಂಡಿ ಸರಿ, ಆರನೆಯದು ತಪ್ಪು, ಮತ್ತೆ ಮೂರು ಸರಿ ಎಂದು ಹಿಡಿತಕ್ಕೇ ಸಿಗದಿದ್ದರೆ ನಾಟರಿನ ಚೌಕಟ್ಟು, ಶಾಫ್ಟು ಸಡಿಲವಾಗಿವೆ. ನಾಟರನ್ನು ಹಿಡಿದು ಅಲ್ಲಾಡಿಸಿದರೆ ಗಡಗಡ ಎನ್ನುವುದು ಕೈಗೇ ತಿಳಿಯುತ್ತದೆ. ಅಂಥದ್ದನ್ನು ಬಿಟ್ಟುಬಿಡಿ.

ಚಾಕು ಎಂದಾಗ ಇನ್ನೊಂದು ದೊಡ್ಡ ಚಾಕುವೂ ನೆನಪಿರಲಿ. ಪ್ಲಂಜರಿನ ಪಕ್ಕದಲ್ಲಿ ಒಂದು, ಕೋಣೆಯ ಬಾಯಲ್ಲಿ ಸ್ಥಿರವಾಗಿ ಇನ್ನೊಂದು, ಕತ್ತರಿಯ ಎರಡು ಅಲಗಿನಂತೆ ಇರುತ್ತವೆ. ಅವುಗಳ ಸಂದು ಸುಮಾರು ಅರ್ಧ ಮಿಲಿಮೀಟರ್ ಇರಬೇಕು. ಹಾಕ್ಸಾ ಬ್ಲೇಡ್ ಸುಮಾರು ಅಷ್ಟೇ ದಪ್ಪ. ಬ್ಲೇಡ್ ಬಿಗಿಯಾಗಿ ನುಸುಳಿದರೆ ಸರಿ, ಎರಡು ಬ್ಲೇಡ್ ಒಟ್ಟಿಗೆ ಸಲೀಸಾಗಿ ಹೋದರೆ ಸಂದು ಹೆಚ್ಚಾಗಿದೆ. ಭತ್ತದ ಹುಲ್ಲಿನಲ್ಲಿ ಮರಳಿನ ಅಂಶವಾದ ಸಿಲಿಕ ಹೆಚ್ಚು. ಹೊರದೇಶದ ಹಸಿರು ಹುಲ್ಲಿಗೆ ಮಾಡಿದ ಚಾಕು ನಮ್ಮ ಹುಲ್ಲಿಗೆ ಬೇಗ ಮೊಂಡಾಗುತ್ತದೆ. ನಿಮ್ಮ ಬೈಲಿನ ಹುಲ್ಲು ಕೈಯಲ್ಲಿ ಕೊಯ್ದದ್ದು, ಉದ್ದ. ಮೊಂಡು ಚಾಕು ಅದನ್ನು ಕತ್ತರಿಸದೆ ಜಗಿದು ಎಳೆಯುತ್ತದೆ. ಪೆಂಡಿಯ ಒಂದು ಬದಿ ಜೂಲುಜೂಲಾಗಿ, ಬಾಳೆಹಣ್ಣಿನ ಹಾಗೆ ಬಾಗಿ ಹೊರಬಂದರೆ ಕಾರಣ ಹೆಚ್ಚಾಗಿ ಇದೇ. ಸಂದು ಸರಿಯಿಲ್ಲದಿದ್ದರೆ ಪ್ಲಂಜರಿನ ಕೆಳಗೆ ಹಾರೆ ಕೊಟ್ಟು ಎತ್ತಿ ನೋಡಿ. ಎರಡು–ಮೂರು ಮಿಲಿಮೀಟರಿಗಿಂತ ಹೆಚ್ಚು ಆಡಿದರೆ ಜಾರುಪಟ್ಟಿಯೋ ಬೇರಿಂಗೋ ಸವೆದಿದೆ. ಅದನ್ನು ಮೊದಲು ಬದಲಿಸದೆ ಚಾಕು ಹೊಂದಿಸಿ ಪ್ರಯೋಜನವಿಲ್ಲ.

ಫ್ಲೈವೀಲಿನ ಶಿಯರ್ ಬೋಲ್ಟ್ ತೆಗೆಸಿ ನೋಡಿ. ಕಲ್ಲೋ ಮರದ ತುಂಡೋ ಸಿಕ್ಕಾಗ ತಾನು ತುಂಡಾಗಿ ಯಂತ್ರ ಉಳಿಸುವ ಮೆದು ಬೋಲ್ಟ್ ಅದು. ಪದೇಪದೇ ತುಂಡಾಗುತ್ತದೆ ಎಂದು ಅದರ ಜಾಗಕ್ಕೆ ಲಾರಿಯ ಗಟ್ಟಿ ಬೋಲ್ಟ್ ಹಾಕಿದ್ದು ಕಂಡರೆ, ಆ ಬೋಲ್ಟ್ ತಡೆದುಕೊಂಡ ಪೆಟ್ಟೆಲ್ಲ ಗೇರ್‌ಬಾಕ್ಸು, ಸೂಜಿಗಳ ಮೇಲೆ ಬಿದ್ದಿದೆ ಎಂದೇ ತಿಳಿಯಿರಿ.

ಬೆಂಕಿಯ ಭಯ ಎಷ್ಟು ನಿಜ

ಇಲ್ಲಿ ಎರಡು ಬೇರೆ ಬೇರೆ ಬೆಂಕಿಯನ್ನು ಜನ ಒಂದೇ ಎಂದುಕೊಂಡಿದ್ದಾರೆ. ಮೊದಲನೆಯದು ಎಂಜಿನ್ನಿನದು, ಅದು ನಿಜವಾದ ಅಪಾಯ. ಹುಲ್ಲಿನ ಧೂಳು ಬಿಸಿ ಸೈಲೆನ್ಸರಿನ ಮೇಲೆ ಕೂರುತ್ತದೆ. ಗಾಳಿಯಿಂದ ತಣಿಯುವ ಎಂಜಿನ್ ಆದರೆ ಅದರ ರೆಕ್ಕೆಗಳ ನಡುವೆ ತುಂಬಿ ಎಂಜಿನ್ ಕಾಯುವಂತೆ ಮಾಡುತ್ತದೆ. ಗಂಟೆಗೊಮ್ಮೆ ನಿಲ್ಲಿಸಿ, ತಣಿಯಲು ಬಿಟ್ಟು, ಕುಂಚದಲ್ಲಿ ಗುಡಿಸಿದರೆ ಈ ಅಪಾಯದ ಬಹುಪಾಲು ಹೋಗುತ್ತದೆ. ಸೈಲೆನ್ಸರಿನ ಬಾಯಿ ಮೇಲ್ಮುಖವಾಗಿರಲಿ, ಕಿಡಿ ತಡೆಯುವ ಜಾಲರಿ ಇರಲಿ. 6 ಕೆ.ಜಿ.ಯ ಪುಡಿ ಸಿಲಿಂಡರ್ ಒಂದು, ನೀರು ತುಂಬಿದ ಎರಡು ಕೊಡ ಕೈಗೆ ಸಿಗುವಂತಿರಲಿ. ಡೀಸೆಲ್ ಪೈಪು ಬಿರುಕು ಬಿಟ್ಟಿದ್ದರೆ ಅದನ್ನು ಮೊದಲು ಬದಲಿಸಿ.

ಎರಡನೆಯದು ಪೆಂಡಿ ತಾನಾಗಿ ಹೊತ್ತಿಕೊಳ್ಳುವುದು. ಹಸಿ ಉಳಿದ ಹುಲ್ಲನ್ನು ಬಿಗಿಯಾಗಿ ಕಟ್ಟಿ ಒಟ್ಟಿದಾಗ ಸೂಕ್ಷ್ಮಜೀವಿಗಳ ಉಸಿರಿನಿಂದ ಒಳಗೆ ಶಾಖ ಏರುತ್ತದೆ. ಚೆನ್ನಾಗಿ ಒಣಗಿದ ಭತ್ತದ ಹುಲ್ಲಿನಲ್ಲಿ ಇದು ಅಪರೂಪ. ಎಚ್ಚರ ಬೇಕಿರುವುದು ನಿಮ್ಮ ಬ್ಯಾಣದ ಕರಡಕ್ಕೆ, ಅದರಲ್ಲೂ ಅರೆ ಹಸಿರಿರುವಾಗ ಕೊಯ್ದದ್ದಕ್ಕೆ. ಒಟ್ಟಿದ ಮೊದಲ ಮೂರು ವಾರ ಕಬ್ಬಿಣದ ಸರಳನ್ನು ನಡುವಿಗೆ ಚುಚ್ಚಿ, ಕಾಲು ಗಂಟೆ ಬಿಟ್ಟು ಎಳೆದು ಹಿಡಿದು ನೋಡಿ. ಬೆಚ್ಚಗಿದ್ದರೆ ಸಹಜ. ಹಿಡಿಯಲಾಗದಷ್ಟು ಸುಟ್ಟರೆ ಒಳಗೆ 60 ಡಿಗ್ರಿಯ ಆಸುಪಾಸು ಇದೆ, ಪೆಂಡಿಗಳನ್ನು ಬಿಡಿಸಿ ಹರಡಬೇಕು. ಸುಟ್ಟ ವಾಸನೆ, ಹೊಗೆ ಬಂದಿದ್ದರೆ ಮಾತ್ರ ನೀವೇ ಎಳೆಯಲು ಹೋಗಬೇಡಿ. ಗಾಳಿ ಸಿಕ್ಕ ಕೂಡಲೇ ಭಗ್ಗೆನ್ನುತ್ತದೆ. ಅಗ್ನಿಶಾಮಕದವರನ್ನು ಕರೆಯಿರಿ.

ಬೂಸ್ಟು: ತಪ್ಪು ಪೆಂಡಿಯದಲ್ಲ

ಗೊಣಬೆ ಮಳೆಯನ್ನು ತನ್ನ ಇಳಿಜಾರಿನಲ್ಲಿ ಹೊರಕ್ಕೆ ಸುರಿಸುತ್ತದೆ. ಮೇಲಿನ ಒಂದು ಪದರ ಕೊಳೆತರೂ ಒಳಗಿನದು ಉಳಿಯುತ್ತದೆ. ಚೌಕ ಪೆಂಡಿಗೆ ಆ ಗುಣವಿಲ್ಲ, ನೀರನ್ನು ಸೀದಾ ಒಳಗೆ ಕುಡಿಯುತ್ತದೆ. ಹೊಸನಗರದ ಮಳೆಗೆ ತಾಡಪಾಲು ನಂಬಿ ಹೊರಗಿಡುವಂತಿಲ್ಲ, ಸೂರು ಬೇಕೇ ಬೇಕು.

ಕಟ್ಟುವಾಗ ತೇವ ಶೇ 15ರ ಆಸುಪಾಸಿಗೆ ಇಳಿದಿರಬೇಕು, ಶೇ 18 ದಾಟಬಾರದು. ಮಿಷನ್ ಕೊಯ್ದ ದಿನ ಹುಲ್ಲು ಹಸಿಯಾಗಿರುತ್ತದೆ. ಡಿಸೆಂಬರ್ ಬಿಸಿಲಿನಲ್ಲಿ ಒಮ್ಮೆ ಮಗುಚಿ ಹಾಕಿ ಮೂರು–ನಾಲ್ಕು ದಿನ ಬೇಕು. ಬೆಳಿಗ್ಗೆ ಇಬ್ಬನಿ ಆರಿ ಹತ್ತೂವರೆ–ಹನ್ನೊಂದು ಆಗುವವರೆಗೆ ಬೇಲರ್ ಚಾಲು ಮಾಡಬೇಡಿ. ತೇವ ತಿಳಿಯಲು ಸುಲಭದ ದಾರಿ ಇದೆ: ಹುಲ್ಲನ್ನು ಸಣ್ಣಗೆ ಕತ್ತರಿಸಿ ಒಣಗಿದ ಗಾಜಿನ ಭರಣಿಗೆ ಅರ್ಧ ತುಂಬಿ, ಒಂದು ಚಮಚ ಒಣ ಪುಡಿ ಉಪ್ಪು ಹಾಕಿ, ಮುಚ್ಚಿ ಎರಡು ನಿಮಿಷ ಕುಲುಕಿ. ಉಪ್ಪು ಉದುರುದುರಾಗಿ ತಳಕ್ಕೆ ಬಿದ್ದರೆ ಕಟ್ಟಬಹುದು. ಗೋಡೆಗೆ ಅಂಟಿದರೆ, ಮುದ್ದೆಯಾದರೆ ಇನ್ನೊಂದು ಬಿಸಿಲು ಬೇಕು.

ನಿಮ್ಮ ನಾಲ್ಕು ಎಕರೆಯಿಂದ ಸುಮಾರು 5 ಟನ್ ಹುಲ್ಲು ಎಂದಿಟ್ಟುಕೊಂಡರೆ 14 ಕೆ.ಜಿ.ಯ ಪೆಂಡಿ 360ರಷ್ಟು ಬರುತ್ತದೆ. ಒಂದೊಂದು ಸುಮಾರು 36 ಸೆಂ.ಮೀ. ಎತ್ತರ, 46 ಅಗಲ, 90 ಉದ್ದ. ಒಟ್ಟು 54 ಘನ ಮೀಟರ್. ಐದು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲದ ಮಾಡಿನಲ್ಲಿ ಮೂರು ಮೀಟರ್ ಎತ್ತರಕ್ಕೆ ಹಿಡಿಯುತ್ತದೆ. ನೆಲಕ್ಕೆ ಕಲ್ಲಿಟ್ಟು ಅದರ ಮೇಲೆ ಅಡಕೆ ದಬ್ಬೆ ಹಾಸಿ, ಕನಿಷ್ಠ ಅರ್ಧ ಅಡಿ ಎತ್ತರ ಮಾಡಿ. ನೆಲದ ಥಂಡಿ ಅಲ್ಲಿಗೆ ನಿಲ್ಲುತ್ತದೆ, ವರಲೆಯ ಕಾಟವೂ ಕಡಿಮೆ. ಗೋಡೆಯಿಂದ ಒಂದು ಗೇಣು ಜಾಗ ಬಿಡಿ.

ಹುರಿಯ ವಿಷಯ. ಹಳೇ ನಾಟರುಗಳು ಕತ್ತಾಳೆ ನಾರಿನ ಹುರಿಗೆ ಮಾಡಿದವು. ಪೆಂಡಿಗೆ ಐದೂಕಾಲು ಮೀಟರ್ ಬೇಕು, ವರ್ಷಕ್ಕೆ ಸುಮಾರು 1,900 ಮೀಟರ್. ಕೆ.ಜಿ.ಗೆ 150 ಮೀಟರ್ ಬರುವ ದಪ್ಪದ್ದಾದರೆ 13 ಕೆ.ಜಿ. ಸಾಕು. ಸೆಣಬಿನದು ಒಂದೇ ದಪ್ಪ ಇರುವುದಿಲ್ಲ, ಹರಿಯುತ್ತದೆ. ಪ್ಲಾಸ್ಟಿಕ್ ಅಗ್ಗ, ಆದರೆ ಜಾರುತ್ತದೆ, ಬಿಲ್ಲೆಯ ಹಿಡಿತ ಬಿಗಿ ಮಾಡಬೇಕಾಗುತ್ತದೆ. ಅದನ್ನು ಬಳಸಲೇಬೇಕಾದರೆ ಕತ್ತರಿಸಿದ ಪ್ರತಿ ಎಳೆಯನ್ನೂ ಎಣಿಸಿ ಗೋಡೆಯ ಮೊಳೆಗೆ ನೇತುಹಾಕಿ. ಹುಲ್ಲಿನ ಜೊತೆ ಹಸುವಿನ ಹೊಟ್ಟೆಗೆ ಹೋದರೆ ಅದು ಕರಗುವುದಿಲ್ಲ, ಕರುಳು ಕಟ್ಟುತ್ತದೆ.

ಹಾಗಾದರೆ ಏನು ಮಾಡುವುದು

ಹಣದ ಲೆಕ್ಕ ನೋಡೋಣ. 360 ಪೆಂಡಿಗೆ 45ರಂತೆ ಬಾಡಿಗೆ 16,200 ರೂಪಾಯಿ. ಸ್ವಂತ ಬೇಲರಿಗೆ ಡೀಸೆಲ್, ಹುರಿ, ಗ್ರೀಸ್ ಸೇರಿ ಪೆಂಡಿಗೆ 15 ರೂಪಾಯಿ ಎಂದು ಹಿಡಿಯಿರಿ, 5,400. ಉಳಿತಾಯ ವರ್ಷಕ್ಕೆ 10,800. ಯಂತ್ರಕ್ಕೆ 1.60 ಲಕ್ಷ, ಮೊದಲ ವರ್ಷದ ರಿಪೇರಿಗೆ 40 ಸಾವಿರ ಎತ್ತಿಟ್ಟರೆ ಎರಡು ಲಕ್ಷ. ಹುಟ್ಟಲು ಹದಿನೆಂಟು ವರ್ಷ ಬೇಕು. ನಿಮ್ಮೊಬ್ಬರ ನಾಲ್ಕು ಎಕರೆಗೆ ಹಣದ ಲೆಕ್ಕದಲ್ಲಿ ಇದು ಬೇಡ. ಅಕ್ಕಪಕ್ಕದ ಮೂರ್ನಾಲ್ಕು ಮನೆಯವರು ಸೇರಿ ಇಪ್ಪತ್ತು ಎಕರೆ ಆದರೆ 1,800 ಪೆಂಡಿ, ಉಳಿತಾಯ 54 ಸಾವಿರ, ನಾಲ್ಕು ವರ್ಷದೊಳಗೆ ಹುಟ್ಟುತ್ತದೆ. ಹಾಗೆ ಸೇರುವುದಾದರೆ ಯಾರ ಮನೆಯಲ್ಲಿ ನಿಲ್ಲಬೇಕು, ಸೂಜಿ ಮುರಿದರೆ ಖರ್ಚು ಯಾರದು ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳಿ.

ನಾಟರ್ ಗಟ್ಟಿಯಿದ್ದರೆ ನಿಮ್ಮ ನೆಲಕ್ಕೆ ನಾನು ಸೂಚಿಸುವ ಬಳಕೆ ಇದು: ಬೇಲರನ್ನು ಗದ್ದೆಗೆ ಒಯ್ಯಬೇಡಿ, ಕಣದಲ್ಲಿ ನಿಲ್ಲಿಸಿ. ಅದಕ್ಕೆ ತನ್ನದೇ ಎಂಜಿನ್ ಇರುವುದರ ನಿಜವಾದ ಲಾಭ ಇದು. ಬೈಲಿನ ಹುಲ್ಲು ಹೇಗೂ ಕಣಕ್ಕೇ ಬಂದಿರುತ್ತದೆ. ಮಕ್ಕಿಯದನ್ನು ಟ್ರೈಲರಿನಲ್ಲಿ ತರಬೇಕು, ಒಂದೆರಡು ಆಳಿನ ಕೆಲಸ ಹೆಚ್ಚು. ಆದರೆ ಬಾಡಿಗೆಯವರಿಗೆ ಕಾಯುವುದು ತಪ್ಪುತ್ತದೆ, ಮೋಡ ಕಂಡ ದಿನ ಸಂಜೆಯೊಳಗೆ ಕಟ್ಟಿ ಮುಗಿಸಬಹುದು. ಸಮತಟ್ಟು ಜಾಗ ನೋಡಿ, ಚಕ್ರಗಳ ಎರಡೂ ಬದಿಗೆ ಮರದ ದಿಮ್ಮಿ ಕೊಟ್ಟು, ಟ್ರ್ಯಾಕ್ಟರಿಗೆ ಸಿಕ್ಕಿಸುವ ಮುಂದಿನ ಕೊಂಡಿಯ ಕೆಳಗೆ ಗಟ್ಟಿ ಊರುಗಾಲು ನಿಲ್ಲಿಸಿ. ಗಾಳಿ ಎಂಜಿನ್ ಕಡೆಯಿಂದ ಹುಲ್ಲಿನ ರಾಶಿಯತ್ತ ಬೀಸದಂತೆ ತಿರುಗಿಸಿ ನಿಲ್ಲಿಸಿ, ರಾಶಿಗೂ ಯಂತ್ರಕ್ಕೂ ಐದಾರು ಮೀಟರ್ ಅಂತರವಿರಲಿ.

ಹುಲ್ಲನ್ನು ಉದ್ದ ಹಿಡಿಯ ಕವೆಗೋಲಿನಲ್ಲಿ ಪಿಕಪ್ಪಿನ ಮುಂದೆ ತೆಳುವಾಗಿ ಹಾಕಬೇಕು. ಕೈಯಲ್ಲಿ, ಕಾಲಲ್ಲಿ ಎಂದೂ ದೂಡಬಾರದು. ಪಿಕಪ್ ಹುಲ್ಲು ಎಳೆದುಕೊಳ್ಳುವ ವೇಗಕ್ಕೆ, ಮನುಷ್ಯ ಹುಲ್ಲಿನಿಂದ ಕೈ ಬಿಡುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಹೆಗಲ ಮೇಲೆ ಟವೆಲ್, ಸೀರೆಯ ಸೆರಗು, ಇಳಿಬಿಟ್ಟ ಪಂಚೆ ಹತ್ತಿರ ಬರಬಾರದು. ಟ್ರ್ಯಾಕ್ಟರಿನ ಅಭ್ಯಾಸ ಇರುವವರು ಮರೆಯುವ ಮಾತೊಂದಿದೆ. ಇಲ್ಲಿ ಟ್ರ್ಯಾಕ್ಟರ್ ಆಫ್ ಮಾಡಿದರೆ ಬೇಲರ್ ನಿಲ್ಲುವುದಿಲ್ಲ. ಎಂಜಿನ್ ನಿಲ್ಲಿಸಿದ ಮೇಲೂ ಫ್ಲೈವೀಲ್ ಸ್ವಲ್ಪ ಹೊತ್ತು ತಿರುಗುತ್ತಲೇ ಇರುತ್ತದೆ. ಡೀಸೆಲ್ ನಿಲ್ಲಿಸುವ ಲಿವರಿಗೆ ಕೇಬಲ್ ಕಟ್ಟಿ, ಅದನ್ನು ಹಿಡಿದು ನಿಲ್ಲಲೆಂದೇ ಒಬ್ಬರನ್ನು ಇಡಿ. ಬೇರೆ ಕೆಲಸ ಅವರಿಗೆ ಹೇಳಬೇಡಿ.

ಇದು ಆಗದು ಎನಿಸಿದರೆ ಮಿನಿ ಟ್ರ್ಯಾಕ್ಟರಿಗೆ ಹೊಂದುವ ಹೊಸ ರೌಂಡ್ (ದುಂಡು ಪೆಂಡಿಯ) ಬೇಲರ್ ಇದೆ. ಹಗುರ, ಸಣ್ಣ ಗದ್ದೆಯಲ್ಲಿ ತಿರುಗುತ್ತದೆ. ಹುರಿಯನ್ನು ಸುತ್ತಿ ಬಿಡುತ್ತದೆ, ಗಂಟು ಹಾಕುವ ಗೋಜೇ ಇಲ್ಲ. ದುಬಾರಿ, ಆದರೆ ಸಹಾಯಧನ ಸಿಗುವುದು ಹೊಸ ಯಂತ್ರಕ್ಕೇ, ಹಳೆಯದಕ್ಕಲ್ಲ. ಈ ವರ್ಷದ ಅರ್ಜಿಯ ವಿಷಯ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಬಾಡಿಗೆಗೆ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಕೊಯ್ಲಿಗೆ ಮೊದಲೇ ಹೆಸರು ಬರೆಸಿ, ಅಕ್ಕಪಕ್ಕದ ಗದ್ದೆಗಳನ್ನೂ ಸೇರಿಸಿ ಹೇಳಿದರೆ ಬರುವ ಸಂಭವ ಹೆಚ್ಚು. ಎರಡು ಎಕರೆಗೆಂದು ಯಾರೂ ಅಷ್ಟು ದೂರ ಬರಲು ಒಪ್ಪುವುದಿಲ್ಲ. ಬ್ಯಾಣದ ಕರಡ ಸ್ವಲ್ಪವೇ ಆದರೆ ಯಂತ್ರವೇ ಬೇಡ. ಮೇಲೆ ಕೆಳಗೆ ತೆರೆದ ಮರದ ಪೆಟ್ಟಿಗೆ ಮಾಡಿಸಿ, ಎರಡು ಹಗ್ಗ ಅಡ್ಡ ಹಾಸಿ, ತುಳಿದು ತುಂಬಿ ಕಟ್ಟಿ.

ಶಿಕಾರಿಪುರಕ್ಕೆ ನೋಡಲು ಹೋಗುವಾಗ ನಿಮ್ಮದೇ ಬೈಲಿನ ಹುಲ್ಲು ಒಂದು ಪಿಕಪ್ ಗಾಡಿ ತುಂಬ, ಸುಮಾರು 300 ಕೆ.ಜಿ., ಜೊತೆಗೆ ಒಂದು ಉಂಡೆ ಹೊಸ ಕತ್ತಾಳೆ ಹುರಿ ಒಯ್ಯಿರಿ. ಅವರು ಇಟ್ಟುಕೊಂಡ ನುಣುಪು ಹುಲ್ಲಿನಲ್ಲಿ ತೋರಿಸುವುದನ್ನು ನಂಬಬೇಡಿ. ಎಂಜಿನ್ ಮೊದಲೇ ಬಿಸಿ ಮಾಡಿಡದಂತೆ ಹೇಳಿ, ತಣ್ಣಗಿದ್ದಾಗ ಹೇಗೆ ಚಾಲು ಆಗುತ್ತದೆ ನೋಡಿ. ಆಮೇಲೆ ಇಪ್ಪತ್ತು ಪೆಂಡಿ ಕಟ್ಟಿಸಿ, ನಲವತ್ತು ಗಂಟು. ಪ್ರತಿ ಪೆಂಡಿಯನ್ನೂ ಹುರಿ ಹಿಡಿದು ಎತ್ತಿ, ಎದೆಯೆತ್ತರದಿಂದ ಕೆಳಕ್ಕೆ ಹಾಕಿ. ಮೂವತ್ತೆಂಟು ಗಂಟು ನಿಂತರೆ ಬೆಲೆ ಮಾತಾಡಿ. ಮೂವತ್ತೈದರ ಆಸುಪಾಸು ನಿಂತರೆ ಅವರ ಖರ್ಚಿನಲ್ಲೇ ಸರಿ ಮಾಡಿಸಿ ಇನ್ನೊಂದು ದಿನ ಮತ್ತೆ ಇಪ್ಪತ್ತು ಕಟ್ಟಿಸಿ. ಮೂವತ್ತಕ್ಕಿಂತ ಕೆಳಗೆ ಬಂದರೆ ಹುಲ್ಲು ಗಾಡಿಗೆ ಹಾಕಿಕೊಂಡು ವಾಪಸು ಬನ್ನಿ.